ಹದಿನೇಳು ಮೊಳೆಯ ಕತ್ತಲು

ಅಕ್ಟೋಬರ್ 6, ಸೋಮವಾರ

ನನ್ನ ಬೆಲೆ ಏನೆಂದು ಇವತ್ತು ಮನೆಯವರಿಗೆ ಗೊತ್ತಾಯಿತು. ಬರೆದಿಡದಿದ್ದರೆ ನಾಳೆ ಅವರು ಮರೆಯುತ್ತಾರೆ, ಮರುದಿನ ನಾನೂ ಮರೆತೇನು. ಈ ಪುಸ್ತಕ ನಾನು ಬಸ್ ಕಂಡಕ್ಟರ್ ಆಗಿದ್ದಾಗ ಡಿಪೋದಲ್ಲಿ ಕೊಟ್ಟದ್ದು. ನಿವೃತ್ತಿಯಾಗಿ ತಂಗಿಯ ಮನೆ ಸೇರಿದ ಮೇಲೆ ಖಾಲಿಯೇ ಬಿದ್ದಿತ್ತು.

ಸಂಗತಿ ಇಷ್ಟು. ತಂಗಿಯ ಮಗಳು ಗುಬ್ಬಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಗ್ರಂಥಾಲಯದ ಮಹಡಿಯ ಎರಡು ಕೋಣೆಗಳಲ್ಲಿ ತನ್ನಂಥ ಹನ್ನೆರಡು ಮಕ್ಕಳಿಗೆ ಪಾಠ ಹೇಳುತ್ತಾಳೆ. ಆ ತರಗತಿ ಮುಚ್ಚಿ, ಬಸ್ಸಿನಲ್ಲಿ ಏಳು ತಾಸು ದೂರವಿರುವ ದೊಡ್ಡ ಶಾಲೆಯ ಹಾಸ್ಟೆಲ್ಲಿಗೆ ಮಕ್ಕಳನ್ನು ಸಾಗಿಸಬೇಕೆಂದು ತರಗತಿಗೆ ಹಣ ಕೊಡುವ ಸಮಿತಿಯವರು ಯೋಚಿಸಿದ್ದಾರೆ. ಹದಿನೇಳನೇ ತಾರೀಕು ಐದು ಜನ ಸದಸ್ಯರು ಬರುತ್ತಾರೆ. ತರಗತಿ ಯಾಕೆ ಇಲ್ಲಿಯೇ ಇರಬೇಕೆಂದು ಹೇಳಲು ಗುಬ್ಬಿಗೆ ಇಪ್ಪತ್ತು ನಿಮಿಷ. ಅವಳು ಕೈಯಲ್ಲಿ ಹೇಳಬೇಕು, ತಂಗಿ ಅದನ್ನು ನೋಡಿ ಬಾಯಲ್ಲಿ ಹೇಳಬೇಕು, ಗೋಡೆಯ ಮೇಲೆ ಚಿತ್ರಗಳು ಬರಬೇಕು. ಬಾಗಿಲು ಹಾಕಿಕೊಂಡ ಯಾವುದೋ ಕಚೇರಿಯವರು ಒಂದು ಪ್ರೊಜೆಕ್ಟರ್ ಕೊಟ್ಟುಹೋಗಿದ್ದಾರೆ.

"ಇದನ್ನ ಯಾರು ನಡೆಸ್ತಾರೋ?" ಅಂದಳು ತಂಗಿ.

"ಮನೇಲಿ ಆಪರೇಟರನ್ನ ಕೂರಿಸ್ಕೊಂಡು ಯಾರು ಅಂತ ಕೇಳ್ತೀಯಲ್ಲೇ! ಟೆಂಟ್ ಸಿನಿಮಾದಲ್ಲಿ ಹನ್ನೊಂದು ವರ್ಷ ಮಷಿನ್ ಓಡಿಸಿದ ಕೈ ಇದು."

"ಅದು ರೀಲಿನ ಮಷಿನ್ನು, ಅಣ್ಣ."

"ಬೆಳಕು ಬೆಳಕೇ. ಗೋಡೆ ಗೋಡೇನೇ."

ಗುಬ್ಬಿ ನನ್ನ ಕಡೆ ತಿರುಗಿ ಕೈಯಲ್ಲಿ ಏನೇನೋ ಉದ್ದಕ್ಕೆ ಹೇಳಿದಳು. ನಾನು ತಲೆ ಆಡಿಸಿದೆ. ಅವಳ ಭಾಷೆ ನನಗೆ ನೀರು ಕುಡಿದಷ್ಟು ಸಲೀಸು. ಊಟ, ನೀರು, ಬಸ್ಸು, ಸಾಕು, ಇಷ್ಟು ಬಂದರೆ ಉಳಿದದ್ದು ಅಂದಾಜಿನಲ್ಲಿ ಸಿಗುತ್ತದೆ. ಸಿಗದಿದ್ದರೆ ತಲೆ ಆಡಿಸಿದರಾಯಿತು, ಹುಡುಗಿಗೂ ಖುಷಿ.

ಅಕ್ಟೋಬರ್ 8, ಬುಧವಾರ

ಮಷಿನ್ನನ್ನು ತರಗತಿಯ ಮೇಜಿನ ಮೇಲಿಟ್ಟು ಗುಂಡಿ ಒತ್ತಿದೆ. ಒಳಗೆ ಫ್ಯಾನು ಗುಂಯ್ ಅಂದಿತು. ಗೋಡೆಯ ಮೇಲೆ ಏನೂ ಇಲ್ಲ. ಮೇಜನ್ನು ಹಿಂದೆ ಎಳೆದೆ, ಮುಂದೆ ತಳ್ಳಿದೆ. ಮಷಿನ್ನಿನ ತಲೆಗೆ ಎರಡು ಏಟು ಹಾಕಿದೆ. ಟೆಂಟಿನಲ್ಲಿ ಅದಕ್ಕೇ ಜಗ್ಗುತ್ತಿತ್ತು. ಇದು ಜಗ್ಗಲಿಲ್ಲ. ಅರ್ಧ ಗಂಟೆಯಾದ ಮೇಲೆ ಗುಬ್ಬಿ ಬಂದು ಲೆನ್ಸಿನ ಮುಚ್ಚಳ ತೆಗೆದಳು.

ಅದು ನನಗೆ ಗೊತ್ತಿತ್ತು. ಮಷಿನ್ ಮೊದಲು ಬಿಸಿಯಾಗಲಿ ಅಂತ ಬಿಟ್ಟಿದ್ದೆ.

ಮುಚ್ಚಳ ತೆಗೆದರೆ ಗೋಡೆ ತುಂಬ ನೀಲಿ ಬಣ್ಣ, ನಡುವೆ ಸಿಗ್ನಲ್ ಇಲ್ಲ ಅಂತ ಇಂಗ್ಲಿಷಿನಲ್ಲಿ. ಗುಬ್ಬಿಯ ಲ್ಯಾಪ್‌ಟಾಪಿನಿಂದ ಕೇಬಲ್ ಬಂದು ಚುಚ್ಚಿಕೊಂಡಿದೆ, ಆದರೂ ಇಲ್ಲ. ಯಾವ ತೂತಿನಿಂದ ಬರುವುದನ್ನು ತೋರಿಸಬೇಕೆಂದು ಮಷಿನ್ನಿಗೆ ಹೇಳಲು ಒಂದು ಬೇರೆ ಗುಂಡಿ ಇದೆಯಂತೆ. ಇದೆಂಥ ಮಷಿನ್ನು! ತನ್ನ ಹೊಟ್ಟೆಗೆ ಎಲ್ಲಿಂದ ಬಂತೆಂದು ತನಗೇ ಗೊತ್ತಿಲ್ಲ.

ಅಕ್ಟೋಬರ್ 9, ಗುರುವಾರ

ಚಿತ್ರ ಬಂತು, ತಲೆಕೆಳಗಾಗಿ. ಹನ್ನೆರಡು ಮಕ್ಕಳೂ ಬಾವಲಿಗಳ ಹಾಗೆ ನೇತಾಡುತ್ತಿದ್ದರು. ಗ್ರಂಥಾಲಯದ ಕಾವಲುಗಾರ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನ ಮುಂದೆ ಸೋಲಲಿಕ್ಕಾಗುತ್ತದೆಯೇ?

"ರೀಲನ್ನ ಯಾವತ್ತೂ ತಲೆಕೆಳಗಾಗೇ ಹಾಕೋದು ಕಣಯ್ಯ. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದೀನಿ" ಎಂದು ಮಷಿನ್ನನ್ನೇ ಅಂಗಾತ ಮಲಗಿಸಿ, ಎರಡೂ ಬದಿಗೆ ದಪ್ಪ ನಿಘಂಟು ಆನಿಸಿದೆ. ಚಿತ್ರ ನೆಟ್ಟಗಾಯಿತು! ಮಕ್ಕಳು ಎರಡೂ ಕೈ ಮೇಲೆತ್ತಿ ಅಲುಗಾಡಿಸಿದರು. ಅದು ಅವರ ಚಪ್ಪಾಳೆ.

ಹತ್ತು ನಿಮಿಷಕ್ಕೆ ಮಷಿನ್ ಕೆಂಪು ದೀಪ ಮಿಟುಕಿಸಿ ಸತ್ತಿತು. ಗಾಳಿ ಹೋಗುವ ಕಿಂಡಿಗಳು ಎರಡು ಬದಿಗೂ ಇದ್ದವಂತೆ, ನಿಘಂಟು ಅವುಗಳ ಉಸಿರು ಕಟ್ಟಿಸಿತ್ತು.

"ಏನು ಆಪರೇಟರೇ, ಇಂಟರ್ವಲ್ಲಾ?" ಅಂದ ಕಾವಲುಗಾರ.

ಆಮೇಲೆ ಗುಬ್ಬಿ ರಿಮೋಟಿನಲ್ಲಿ ಏನೋ ಹುಡುಕಿ ಒತ್ತಿದಳು, ಎಲ್ಲ ಸರಿಹೋಯಿತು. ಆ ಕಚೇರಿಯಲ್ಲಿ ಮಷಿನ್ನನ್ನು ಸೂರಿನಿಂದ ತಲೆಕೆಳಗಾಗಿ ತೂಗುಹಾಕಿದ್ದರಂತೆ. ಅದಕ್ಕೆ ಇನ್ನೂ ಅದೇ ನೆನಪು.

ಮಕ್ಕಳು ನನಗೊಂದು ಹೆಸರು ಕೊಟ್ಟಿದ್ದಾರೆ. ಅವರಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕೈಯ ಹೆಸರು. ನನ್ನದು ಮುಷ್ಟಿ ಹಿಡಿದು ಮೇಲೆ ಕೆಳಗೆ ಕುಟ್ಟುವುದು. ಸುತ್ತಿಗೆ ಇರಬೇಕು. ಕೆಲಸದಲ್ಲಿ ಗಟ್ಟಿಗ ಅಂತ.

ಅಕ್ಟೋಬರ್ 14, ಮಂಗಳವಾರ

ನಡುವೆ ನಾಲ್ಕು ದಿನ ಬರೆಯಲಿಲ್ಲ, ಬರೆಯುವಂಥದ್ದು ಆಗಲೂ ಇಲ್ಲ. ಚಿತ್ರದ ಮೇಲ್ಭಾಗ ಅಗಲ, ಕೆಳಭಾಗ ಕಿರಿದು. ಎಲ್ಲ ಮಕ್ಕಳಿಗೂ ದೊಡ್ಡ ತಲೆ, ಸಣ್ಣ ಕಾಲು. ಮಷಿನ್ನಿನ ಮುಂಗಾಲು ಎತ್ತಿದೆ, ಇಳಿಸಿದೆ. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಓರೆ. ಲೆನ್ಸಿನ ಸುತ್ತಿನ ಬಳೆ ತಿರುಗಿಸಿದರೆ ನಡುವೆ ಸ್ಪಷ್ಟ, ಅಂಚು ಮಂಜು. ನನ್ನ ಕಣ್ಣೇ ಹೋಯಿತೇನೋ ಅಂತ ಒಂದು ಗಳಿಗೆ ಹೆದರಿದೆ. ಮಷಿನ್ ಗೋಡೆಗೆ ನೇರ ಮುಖ ಮಾಡಿ ಕೂರಬೇಕಿತ್ತು, ಅಷ್ಟೇ. ಅದನ್ನು ಕಂಡುಹಿಡಿಯಲು ಎರಡು ದಿನ. ಟೆಂಟಿನ ಆರೇಳು ವರ್ಷದ ಅನುಭವ ಇಲ್ಲದಿದ್ದರೆ ನಾಲ್ಕು ದಿನ ಆಗುತ್ತಿತ್ತು.

ತಂಗಿ ಊಟಕ್ಕೆ ಕೂತಾಗ ಕೇಳಿದಳು. "ಅಣ್ಣ, ಆಗ್ದಿದ್ರೆ ಹೇಳ್ಬಿಡು. ಗ್ರಂಥಾಲಯದವರು ಯಾರನ್ನಾದ್ರೂ ಕಳಿಸ್ತಾರಂತೆ."

"ಆಗ್ದೇ ಏನು? ಆಗೋಗಿದೆ!"

ಗುಬ್ಬಿ ಅನ್ನ ಕಲಸುತ್ತಾ ನನ್ನ ಬಾಯನ್ನೇ ನೋಡುತ್ತಿದ್ದಳು. ತುಟಿ ನೋಡಿ ಎಷ್ಟು ಅರ್ಥವಾಗುತ್ತದೋ ಅವಳಿಗೆ. ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಅಕ್ಟೋಬರ್ 15, ಬುಧವಾರ

ಇವತ್ತು ತಾಲೀಮು. ಹಗಲು ಹನ್ನೊಂದಕ್ಕೆ. ಎಲ್ಲ ಕೆಲಸ ಮಾಡಿತು: ಕೇಬಲ್ಲು, ಗುಂಡಿ, ಚಿತ್ರ. ಆದರೆ ಕೋಣೆಗೆ ಮೂರು ಕಿಟಕಿ. ಬಿಸಿಲು ನೇರ ಗೋಡೆಗೇ. ಚಿತ್ರ ನೀರು ಹೆಚ್ಚಾದ ಹಾಲಿನ ಹಾಗೆ. ಗುಬ್ಬಿ ಕೈಯಲ್ಲಿ ಹೇಳಿದಳು, ತಂಗಿ ಬಾಯಲ್ಲಿ ಹೇಳಿದಳು, ಹದಿನೆಂಟು ನಿಮಿಷಕ್ಕೆ ಮುಗಿಯಿತು. ಅವರಿಬ್ಬರಿಗೂ ಸಮಾಧಾನ. ನನಗೆ ಮಾತ್ರ ಒಳಗೊಳಗೇ ಉರಿ. ಅಂಥ ಚಿತ್ರವನ್ನು ದೊಡ್ಡ ಮನುಷ್ಯರಿಗೆ ತೋರಿಸುವುದೇ? ಕಿಟಕಿಗಳತ್ತ ಕೈ ಮಾಡಿ ಗೊಣಗಿದೆ, ಗುಬ್ಬಿ ನೋಡುತ್ತಿದ್ದಳು.

ಇನ್ನೊಂದು. ಗುಬ್ಬಿ ಆಗಾಗ ಬೆಳಕಿಗೆ ಅಡ್ಡ ಬರುತ್ತಾಳೆ, ಅವಳ ನೆರಳು ಚಿತ್ರದ ಮೇಲೆ. ಗೋಡೆಯಿಂದ ಆಚೆ, ಮೂಲೆಯ ಹತ್ತಿರ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದೆ. ಇದನ್ನು ದಾಟಬಾರದು ಅಂತ ತೋರಿಸಿದೆ. ಅವಳು ನಕ್ಕು ಗೀಟಿನ ಹಿಂದೆ ಸೈನಿಕನ ಹಾಗೆ ನಿಂತಳು.

ಅಕ್ಟೋಬರ್ 16, ಗುರುವಾರ

ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದೇನೆ. ನಾಳೆ ಎಲ್ಲರೂ ಬೆರಗಾಗಬೇಕು.

ಕಪ್ಪು ಬಟ್ಟೆ ತಂದು ಮೂರು ಕಿಟಕಿಗೂ ಎರಡು ಪದರ ಹೊಡೆದೆ. ಹದಿನೇಳು ಮೊಳೆ. ಸೂಜಿಯಷ್ಟೂ ಬೆಳಕು ಇಲ್ಲ. ಬಾಗಿಲ ಸಂದಿಗೆ ಹಳೆಯ ಪರದೆ. ಕಾವಲುಗಾರನಿಗೊಂದು ಕೆಟ್ಟ ಚಾಳಿ, ಒಳಗೆ ಬಂದ ಕೂಡಲೇ ಟಪ್ ಅಂತ ದೀಪ ಹಾಕುತ್ತಾನೆ. ಅದಕ್ಕೂ ಮದ್ದು ಮಾಡಿದ್ದೇನೆ: ನಾಳೆ ಮೊದಲ ಚಿತ್ರ ಬಂದ ಕೂಡಲೇ ದೀಪದ ಫ್ಯೂಸ್ ಎಳೆದು ಜೇಬಿಗೆ ಹಾಕಿಕೊಳ್ಳುವುದು. ಟೆಂಟಿನಲ್ಲಿ ಆಪರೇಟರ್ ಒಂದೇ ಮಾತು ಹೇಳುತ್ತಿದ್ದ, ಚಿತ್ರದ ಅರ್ಧ ಜೀವ ಕತ್ತಲಲ್ಲಿದೆ ಅಂತ. ಅಂದರೆ, ಆಪರೇಟರ್ ಆಗಿದ್ದ ನಾನು ಹೇಳುತ್ತಿದ್ದೆ.

ಬೆಳಿಗ್ಗೆ ಮೆಟ್ಟಿಲ ಹತ್ತಿರ ಗುಬ್ಬಿ ಒಂದು ಚೀಟಿ ಕೈಗಿಟ್ಟಳು. ಕಾವಲುಗಾರನಿಗೆ ಟೆಂಟಿನ ಮಷಿನ್ನಿನೊಳಗೆ ಉರಿಯುತ್ತಿದ್ದ ಕಾರ್ಬನ್ ಕಡ್ಡಿಯ ದೀಪದ ಕಥೆ ಹೇಳುತ್ತಿದ್ದೆ, ಜೇಬಿಗೆ ಹಾಕಿಕೊಂಡು ತಲೆ ಆಡಿಸಿದೆ.

ಅಕ್ಟೋಬರ್ 17, ಶುಕ್ರವಾರ

ಆಗಿಹೋಯಿತು.

ಅಕ್ಟೋಬರ್ 18, ಶನಿವಾರ

ಬರೆಯಲೇಬೇಕು. ಇಲ್ಲದಿದ್ದರೆ ಮುಂದಿನ ತಿಂಗಳೊಳಗೆ ಇದನ್ನೂ ಬೇರೆ ಥರ ಹೇಳತೊಡಗುತ್ತೇನೆ.

ಐದು ಜನ ಬಂದರು. ಅಧ್ಯಕ್ಷರು ಪದೇ ಪದೇ ವಾಚು ನೋಡುವ ಮನುಷ್ಯ. ಐವರಲ್ಲಿ ಒಬ್ಬರೇ ಹೆಂಗಸು, ನಿವೃತ್ತ ನರ್ಸಮ್ಮ. ಹಿಂದೆ ಮಕ್ಕಳು, ಅವರ ಮನೆಯವರು. ಅವರನ್ನೆಲ್ಲ ಕೆಳಗಿನಿಂದ ಕರೆತಂದ ಗುಬ್ಬಿ ಕಿಟಕಿಗಳನ್ನು ಕಂಡು ಗಕ್ಕನೆ ನಿಂತಳು. ನನ್ನ ಕಡೆ ತಿರುಗಿ ಬಿರುಸಾಗಿ ಏನೋ ಕೈ ಆಡಿಸಿದಳು. ನಾನು ತಲೆ ಆಡಿಸಿದೆ. ಅಷ್ಟರಲ್ಲಿ ಎಲ್ಲರೂ ಕೂತರು. ಅವಳು ಗೀಟಿನ ಹಿಂದೆ ಹೋದಳು, ನಮಸ್ಕಾರ ಹೇಳಿದಳು, ತಂಗಿ ಅದನ್ನು ಬಾಯಲ್ಲಿ ಹೇಳಿದಳು. ಮೊದಲ ಚಿತ್ರ ಬಂತು. ನಾನು ಫ್ಯೂಸ್ ಎಳೆದೆ.

ಎಂಥ ಚಿತ್ರ! ಬಣ್ಣ ಕಣ್ಣಿಗೆ ಹೊಡೆಯುವ ಹಾಗೆ. ಕೋಣೆಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಜನ ಇಷ್ಟು ಮೈಮರೆತು ಕೂತದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಎರಡನೇ ಚಿತ್ರ ಹಾಕಿದೆ. ಆಗಲೂ ನಿಶ್ಶಬ್ದ. ಹೆಮ್ಮೆಯಿಂದ ನನ್ನ ಎದೆ ಉಬ್ಬಿತು.

ಗೋಡೆಯ ಬೆಳಕು ಗೀಟಿನ ತನಕ ಬರುತ್ತಿರಲಿಲ್ಲ. ಗುಬ್ಬಿ ಮಾತಾಡುತ್ತಿದ್ದಳು. ಅವಳ ಮಾತು ಯಾರಿಗೂ ಕಾಣುತ್ತಿರಲಿಲ್ಲ. ಕಾಣದೆ ತಂಗಿ ಏನು ಹೇಳಬೇಕು? ಇದು ನನ್ನ ತಲೆಗೆ ಹೋಗಲೇ ಇಲ್ಲ.

ಗುಬ್ಬಿ ಗೀಟು ದಾಟಿ ಬೆಳಕಿನೊಳಗೆ ಬಂದಳು. ಗೋಡೆಯ ಮೇಲೆ ಎರಡು ದೊಡ್ಡ ಕೈಗಳ ನೆರಳು. ನನ್ನ ಚಿತ್ರ ಹಾಳಾಯಿತೆಂದು ನಾನು "ಹಿಂದೆ ಹೋಗು, ಹಿಂದೆ ಹೋಗು" ಅಂದೆ. ಕೇಳದವಳಿಗೆ. ಕೋಪ ಬಂದು ಲೆನ್ಸಿಗೆ ಅಂಗೈ ಅಡ್ಡ ಹಿಡಿದೆ. ಅಷ್ಟೂ ಕತ್ತಲು.

ಆಗ ನೆಲ ನಡುಗಿತು. ಮಕ್ಕಳು ಮರದ ನೆಲವನ್ನು ಕಾಲಿನಿಂದ ಗುದ್ದುತ್ತಿದ್ದರು, ಹನ್ನೆರಡೂ ಜನ. ಮೆಚ್ಚಿಗೆ ಅಂತ ತಿಳಿದುಕೊಂಡೆ. ದೇವರಾಣೆಗೂ ಹಾಗೇ ತಿಳಿದುಕೊಂಡೆ.

"ಅಣ್ಣಾ, ಬೆಳಕು! ನನಗೆ ಅವಳ ಕೈ ಕಾಣ್ತಿಲ್ಲ, ಬೆಳಕು ಹಾಕು!" ತಂಗಿ ಕೂಗಿದಳು.

ಆಮೇಲೆ ನಡೆದದ್ದು ಎರಡೇ ನಿಮಿಷದ್ದು, ಆದರೂ ಇನ್ನೂ ಮುಗಿದ ಹಾಗಿಲ್ಲ. ಜೇಬಿನಿಂದ ತೆಗೆದ ಫ್ಯೂಸ್ ಕೈಜಾರಿ ಬೀರುವಿನ ಅಡಿ ಉರುಳಿತು. ಬೋರ್ಡಿನಲ್ಲಿದ್ದ ಇನ್ನೊಂದು ಫ್ಯೂಸ್ ಕಿತ್ತು ಆ ಜಾಗಕ್ಕೆ ಹಾಕೋಣವೆಂದು ಎಳೆದರೆ ಅದು ಪ್ರೊಜೆಕ್ಟರಿನದೇ. ಫ್ಯಾನೂ ನಿಂತಿತು. ತಡಕಾಡಿ ಅದನ್ನು ಅದರ ಜಾಗಕ್ಕೇ ಸಿಕ್ಕಿಸಿ ಗುಂಡಿ ಒತ್ತಿದರೆ ಕೆಂಪು ದೀಪ. ಕಾದ ಲ್ಯಾಂಪು ತಣ್ಣಗಾಗುವ ತನಕ ಹತ್ತುವುದಿಲ್ಲ. ಒತ್ತಿದೆ. ಮತ್ತೆ ಒತ್ತಿದೆ. ಕಿಟಕಿಯ ಬಟ್ಟೆ ಎಳೆದೆ. ಹದಿನೇಳು ಮೊಳೆಯಲ್ಲಿ ಒಂದೂ ಬರಲಿಲ್ಲ. ನಾನು ಹೊಡೆದ ಮೊಳೆ ಅಲ್ಲವೇ.

ಕೊನೆಗೆ ಯಾರೋ ಬಾಗಿಲು ದೂಡಿ ತೆರೆದರು. ಬೆಳಕಿನಲ್ಲಿ ಗುಬ್ಬಿ ನಡುಕೋಣೆಯಲ್ಲಿ ನಿಂತಿದ್ದಳು, ಕೈಗಳು ಎದೆಯ ಮಟ್ಟದಲ್ಲೇ, ಅರ್ಧ ಮಾತಿನಲ್ಲಿ. ಅಧ್ಯಕ್ಷರು ವಾಚು ನೋಡಿ, "ಸರಿ, ನಿಮ್ಮ ಫೋಟೋಗಳನ್ನ ನೋಡಿದ್ವಿ. ಪತ್ರ ಬರೀತೀವಿ" ಅಂದರು.

ಕಾವಲುಗಾರ ಏನೂ ತಮಾಷೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 19, ಭಾನುವಾರ

ಒಗೆಯಲು ಹಾಕುವಾಗ ಅಂಗಿಯ ಜೇಬಿನಲ್ಲಿ ಗುಬ್ಬಿಯ ಚೀಟಿ ಸಿಕ್ಕಿತು.

"ಮಾಮ, ಚಿತ್ರ ಮಸುಕಾದರೂ ಪರವಾಗಿಲ್ಲ. ನನ್ನ ಪಕ್ಕದ ಕಿಟಕಿ ತೆರೆದೇ ಇರಲಿ. ಕತ್ತಲಲ್ಲಿ ನಾನು ಮೂಕಿ."

ಈ ಪುಟಕ್ಕೇ ಅಂಟಿಸಿದ್ದೇನೆ.

ಅಕ್ಟೋಬರ್ 20, ಸೋಮವಾರ

ತಂಗಿ ಮೂರು ದಿನದ ಮೇಲೆ ಬಾಯಿ ಬಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತರಕಾರಿ ಹೆಚ್ಚುತ್ತಾ ಸಾವಕಾಶವಾಗಿ ಕೇಳಿದಳು.

"ಅಣ್ಣ, ಗೊತ್ತಿಲ್ಲ ಅನ್ನೋ ಒಂದು ಮಾತು ನಿನ್ನ ಬಾಯಲ್ಲಿ ಯಾಕೆ ಬರಲ್ಲ?"

ನಾನು ತರಕಾರಿ ಸಿಪ್ಪೆಗಳನ್ನು ಗುಡ್ಡೆ ಮಾಡತೊಡಗಿದೆ.

"ಮಕ್ಕಳು ನಿನಗಿಟ್ಟ ಹೆಸರು ಏನು ಗೊತ್ತಾ?"

"ಸುತ್ತಿಗೆ."

"ಅದು ತಲೆ. ಮುಷ್ಟಿ ಅಂದ್ರೆ ತಲೆ, ಅದು ಮೇಲೆ ಕೆಳಗೆ ಆಡೋದು. ಅರ್ಥ ಆಗದೇ ಹೂಂ ಅನ್ನೋ ಮಾಮ ಅಂತ. ಗುಬ್ಬಿ ಬೇಡ ಅಂದ್ರೂ ಅವರು ಬಿಟ್ಟಿಲ್ಲ."

ಗುಬ್ಬಿಗೆ ಇಪ್ಪತ್ತಾರು ವರ್ಷ. ಇಪ್ಪತ್ತಾರು ವರ್ಷ ನಾನು ತಲೆ ಆಡಿಸಿದ್ದೇನೆ.

ಟೆಂಟಿನಲ್ಲಿ ಆಪರೇಟರ್ ನಾನಲ್ಲ. ರೀಲು ಸುತ್ತುವವನು. ಲ್ಯಾಂಪಿನ ಹತ್ತಿರ ನನ್ನನ್ನು ಬಿಡುತ್ತಲೇ ಇರಲಿಲ್ಲ. ಎರಡು ವರ್ಷ ಇದ್ದೆ. ಎರಡೂ ತುಂಬಿರಲಿಲ್ಲ.

ಅಕ್ಟೋಬರ್ 24, ಶುಕ್ರವಾರ

ಗುಬ್ಬಿ ಐದೂ ಜನರಿಗೆ ಕಾಗದ ಬರೆದಿದ್ದಳು, ಇನ್ನೊಂದು ಸಲ ಬನ್ನಿ ಅಂತ. ನಾಲ್ವರ ಉತ್ತರವಿಲ್ಲ. ನರ್ಸಮ್ಮ ಮಂಗಳವಾರ ಬರುತ್ತಾರಂತೆ.

ಮಷಿನ್ ಮುಟ್ಟುವುದಿಲ್ಲ ಅಂದೆ. ಗುಬ್ಬಿ ರಿಮೋಟನ್ನು ನನ್ನ ಕೈಗೇ ಇಟ್ಟು, ಬೆರಳು ಮಡಿಸಿದಳು. ಏನೋ ಹೇಳಿದಳು. ಆಡಹೊರಟ ತಲೆಯನ್ನು ಅರ್ಧದಲ್ಲೇ ತಡೆದೆ. ಕತ್ತು ಹಿಡಿದುಕೊಂಡಿತು.

ಅಕ್ಟೋಬರ್ 28, ಮಂಗಳವಾರ

ಮೂರು ಕಿಟಕಿಯೂ ತೆರೆದಿದ್ದವು. ಮೊಳೆಗಳನ್ನು ಕೀಳಲು ನನಗೆ ಎರಡು ದಿನ ಹಿಡಿದಿತ್ತು, ಗೋಡೆಯಲ್ಲಿ ಹದಿನೇಳು ತೂತು ಉಳಿದಿವೆ. ನೆಲದ ಗೀಟನ್ನೂ ಒರೆಸಿದೆ.

ನರ್ಸಮ್ಮ ಮಕ್ಕಳ ನಡುವೆಯೇ ಕುರ್ಚಿ ಹಾಕಿಕೊಂಡರು. ಗುಬ್ಬಿ ಬಿಸಿಲಲ್ಲಿ ನಿಂತು ಹೇಳಿದಳು, ತಂಗಿ ಬಾಯಲ್ಲಿ ಹೇಳಿದಳು. ನಾನು ಮೂಲೆಯಲ್ಲಿ ಗುಂಡಿ ಒತ್ತುತ್ತಾ ಇದ್ದೆ. ಇಷ್ಟು ಪೇಲವ ಚಿತ್ರವನ್ನು ಯಾರೂ ಯಾರಿಗೂ ತೋರಿಸಿರಲಾರರು. ಒಂದು ಚಿತ್ರ ಹಿಂದುಮುಂದಾಗಿ ಬಂತು, ಯಾರೂ ಗಮನಿಸಲಿಲ್ಲ. ಯಾರೂ ಗೋಡೆ ನೋಡುತ್ತಿರಲಿಲ್ಲ.

ಕೊನೆಗೆ ನರ್ಸಮ್ಮ ಮುಂದಿನ ಹಲ್ಲು ಬಿದ್ದ ಪುಟ್ಟ ಹುಡುಗಿಯನ್ನು ಕೇಳಿದರು. "ಹಾಸ್ಟೆಲ್ ದೊಡ್ಡದಿದೆಯಂತಲ್ಲ. ಹೋಗ್ತೀಯಾ ಮರಿ?"

ತಂಗಿ ಅದನ್ನು ಕೈಯಲ್ಲಿ ಕೇಳಿದಳು. ಆ ಮಗು ಕೈಯಲ್ಲಿ ಹೇಳಿದ್ದನ್ನು ತಡೆತಡೆದು ಬಾಯಲ್ಲಿ ಹೇಳಿದಳು: "ನಮ್ಮ ಅಜ್ಜಿ ಈಗಷ್ಟೇ ಕೈಮಾತು ಕಲಿತಾ ಇದಾರೆ. ನಾನು ಹೋದ್ರೆ ಅವರಿಗೆ ಮರೆತುಹೋಗುತ್ತೆ."

ನರ್ಸಮ್ಮ ಕುರ್ಚಿಯಿಂದ ಎದ್ದರು. ಮೆಟ್ಟಿಲಿಳಿಯುವಾಗ ನನಗೆ ಮಾತ್ರ ಕೇಳುವ ಹಾಗೆ ಅಂದರು, "ನಾನು ಐದರಲ್ಲಿ ಒಬ್ಬಳು, ಯಜಮಾನರೇ. ಆಸೆ ಇಟ್ಕೋಬೇಡಿ."

ಅವರು ಹೋದ ಮೇಲೆ ಫ್ಯಾನು ತಾನಾಗಿ ನಿಲ್ಲುವ ತನಕ ಕಾದು ಪ್ಲಗ್ ತೆಗೆದೆ.

ಅಕ್ಟೋಬರ್ 31, ಶುಕ್ರವಾರ

ಪತ್ರ ಬಂದಿಲ್ಲ. ಅಂಚೆಯವನನ್ನು ನೋಡಿದರೆ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ.

ಮಕ್ಕಳ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೇನೆ. ಮೊಣಕಾಲು ನೋವಿಗೆ ಆ ಬೆಂಚು ಒಳ್ಳೆಯದು. ಹಲ್ಲಿಲ್ಲದವಳು ನನ್ನ ಬೆರಳನ್ನು ಹಿಡಿದು ತಿರುಚಿ ಸರಿಮಾಡುತ್ತಾಳೆ, ಕೆಟ್ಟ ಕೈಬರಹ ತಿದ್ದಿದ ಹಾಗೆ.

ನವೆಂಬರ್ 5, ಬುಧವಾರ

ಪತ್ರ ಬಂತು. ತಂಗಿ ಮನೆಯಲ್ಲಿರಲಿಲ್ಲ. ಗುಬ್ಬಿ ನಿಂತಲ್ಲೇ ಓದಿದಳು, ಮತ್ತೊಮ್ಮೆ ಓದಿದಳು, ಮಡಿಸಿದಳು. ನನಗೆ ಕೈಯಲ್ಲಿ ಹೇಳಿದಳು.

ಪತ್ರ ಕೇಳಿ ಇಸಿದುಕೊಂಡು ಓದಬಹುದಿತ್ತು. ನನಗೆ ಓದಲು ಬರುತ್ತದೆ. ಯಾಕೋ ಕೇಳಲಿಲ್ಲ. ಅರ್ಥವಾಗಲಿಲ್ಲ, ಮತ್ತೊಮ್ಮೆ ಅಂತ ಕೈಯಲ್ಲಿ ಹೇಳಿದೆ. ಅದನ್ನು ಹಲ್ಲಿಲ್ಲದವಳು ಕಲಿಸಿದ್ದಳು. ಗುಬ್ಬಿ ನನ್ನನ್ನೇ ನೋಡಿದಳು. ಮತ್ತೆ ಹೇಳಿದಳು, ನಿಧಾನವಾಗಿ. ಇನ್ನೂ ಸಿಗಲಿಲ್ಲ. ಮತ್ತೊಮ್ಮೆ ಅಂದೆ. ಕಿಟಕಿಯ ಹತ್ತಿರ ಸರಿದು ನಿಂತು ಮೂರನೇ ಸಲ ಹೇಳಿದಳು. ಅಷ್ಟು ಹೊತ್ತಿಗೆ ಅವಳ ಕಣ್ಣು ತುಂಬಿತ್ತು, ಮುಖದಲ್ಲಿ ನಗುವೂ ಇತ್ತು, ಯಾವುದು ಯಾಕೆಂದು ಗೊತ್ತಾಗಲಿಲ್ಲ.

ಮೂರು ಜನ ಮುಚ್ಚಿ ಅಂದರು. ಇಬ್ಬರು ಬೇಡ ಅಂದರು. ಮುಚ್ಚುತ್ತಾರೆ. ಆದರೆ ಈಗಲೇ ಅಲ್ಲ, ವರ್ಷದ ಪಾಠ ಮುಗಿಯಲಿ. ಮಾರ್ಚ್ ಕೊನೆಯ ತನಕ.

ಅಷ್ಟೂ ಅವಳ ಕೈಯಿಂದಲೇ ತಿಳಿಯಿತು.

ಏನು ಹೇಳಬೇಕೋ ನನ್ನ ಕೈಗೆ ಗೊತ್ತಿಲ್ಲ. ಬೆರಳಿನಲ್ಲಿ ತಿಂಗಳು ಎಣಿಸಿ ಐದು ಅಂತ ತೋರಿಸಿದೆ, ಅವಳೂ ಐದು ಅಂತ ತೋರಿಸಿದಳು. ಹಾಗೇ ಅಂಗೈ ಎದುರು ಅಂಗೈ ಹಿಡಿದು ನಿಂತಿದ್ದೆವು, ತಂಗಿ ಬರುವ ತನಕ.

ಐದು ತಿಂಗಳು. ಟೆಂಟಿನಲ್ಲಿ ನಾನು ಇದ್ದದ್ದು ನಾಲ್ಕೇ ತಿಂಗಳು. ಅದನ್ನೇ ಹೇಳಿಕೊಂಡು ನಲವತ್ತು ವರ್ಷ ಬದುಕಿದ್ದೇನೆ.